ಪ್ರಕಟಣೆ-ಪೂರ್ವ ನಾದಕ್ಕೆ ತಂತ್ರಾಂಶ ಆರಿಸಿದ ಬಗೆ

ನಮ್ಮ ಬಸ್ ನಿಲ್ದಾಣದಲ್ಲಿ ಕಳೆದ ಮೂವತ್ತೊಂದು ವರ್ಷಗಳಿಂದ ಮೂರು ಹಿತ್ತಾಳೆ ತಟ್ಟೆಗಳನ್ನು ಬಾರಿಸದೆ ಒಂದೇ ಒಂದು ಪ್ರಕಟಣೆಯನ್ನೂ ಮಾಡಿಲ್ಲ ಎಂಬುದನ್ನು ಮೊದಲಿಗೆ ದಾಖಲಿಸಬಯಸುತ್ತೇನೆ. ಕಾರ್ಯನಿಯಮ ಹದಿನಾಲ್ಕರಂತೆ ಮೊದಲು ದೊಡ್ಡದು, ಆಮೇಲೆ ಸಣ್ಣದು, ಕೊನೆಗೆ ನಡುವಿನದು. ಇದಕ್ಕೆ ಪ್ರಕಟಣೆ-ಪೂರ್ವ ನಾದ ಎಂದು ಹೆಸರು. ಕಾಯುತ್ತಿರುವ ಪ್ರಯಾಣಿಕರು ತಲೆ ಎತ್ತಲಿ ಎಂಬುದು ಇದರ ಉದ್ದೇಶ, ಅವರು ಎತ್ತುತ್ತಾರೆ. ಅದರ ನಂತರ ಬರುವ ಪ್ರಕಟಣೆ ಯಾರಿಗೂ ಅರ್ಥವಾಗುವುದಿಲ್ಲ. ಅದು ಬೇರೆ ಶಾಖೆಗೆ ಸೇರಿದ ವಿಷಯ.

ತಟ್ಟೆ ಬಾರಿಸುವ ಹುದ್ದೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇರುವವರು ತಟ್ಟೆಯಕ್ಕ. ವಿಚಾರಣೆ ಕಿಟಕಿಯ ಹಿಂದಿನ ಗಾಜಿನ ಕೋಣೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಮರದ ಕೊಡತಿ ಹಿಡಿದು, ಸರಾಸರಿ ನಾಲ್ಕು ನಿಮಿಷಕ್ಕೊಮ್ಮೆ ಬಾರಿಸುತ್ತಾರೆ. ಅವರ ವಾರದ ರಜೆಯ ದಿನ ಪ್ರಕಟಣೆಯೇ ಇರುವುದಿಲ್ಲ. ಆ ದಿನ ಪ್ರಯಾಣಿಕರು ಒಬ್ಬರನ್ನೊಬ್ಬರು ವಿಚಾರಿಸಿಕೊಂಡು ಸರಿಯಾದ ಬಸ್ಸನ್ನೇ ಹತ್ತುತ್ತಾರೆ. ಈ ಅಂಶವನ್ನು ಈವರೆಗೆ ಯಾರೂ ಮೇಲಿನವರ ಗಮನಕ್ಕೆ ತಂದಿಲ್ಲ.

ಧ್ವನಿ ಶಾಖೆಯ ಮೇಲ್ವಿಚಾರಕ ನಾನು. ಒಂದು ಬೆಳಗ್ಗೆ ತಟ್ಟೆಯಕ್ಕ ನನ್ನ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತರು.

“ಮಗಳಿಗೆ ಆರು ತಿಂಗಳು ಸಾರ್. ಚೊಚ್ಚಲು. ಅತ್ತೆ ಇಲ್ಲ, ಅಳಿಯ ಲಾರಿ ಓಡಿಸ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಮನೇಲಿರಲ್ಲ. ಇಲ್ಲಿಗೆ ಕರ್ಕೊಂಡು ಬರೋಣ ಅಂದ್ರೆ ಡಾಕ್ಟರು ಪ್ರಯಾಣ ಬೇಡ ಅಂದಿದಾರೆ. ಹೆರಿಗೆ ಹೊತ್ತಿಗೆ ನಾನು ಅಲ್ಲಿರ್ಬೇಕು. ನಲವತ್ತು ದಿನ ರಜೆ ಕೊಡಿಸಿ.”

ಅರ್ಜಿ ನ್ಯಾಯವಾಗಿತ್ತು. ಆದರೆ ರಜೆ ಮೇಲೆ ಹೋಗುವವರು ಬದಲಿ ವ್ಯವಸ್ಥೆ ತೋರಿಸಬೇಕು. ಬದಲಿ ಬರುವವರಿಗೆ ಇವೇ ತಟ್ಟೆಗಳ ಮೇಲೆ ಹತ್ತು ವರ್ಷದ ಅನುಭವ ಇರಬೇಕು. ಇವೇ ತಟ್ಟೆಗಳನ್ನು ಇಪ್ಪತ್ತೆರಡು ವರ್ಷಗಳಿಂದ ತಟ್ಟೆಯಕ್ಕನ ಹೊರತು ಇನ್ನೊಬ್ಬರು ಮುಟ್ಟಿಲ್ಲ. ಹೀಗಾಗಿ ಅರ್ಜಿ ತಿರಸ್ಕಾರವಾಗಬೇಕಿತ್ತು. ಅದು ನನ್ನ ಕೈಗೆ ಬಿದ್ದದ್ದರಿಂದ ಅದಕ್ಕಿಂತ ಕೆಟ್ಟದ್ದಾಯಿತು.

ಇಲ್ಲಿ ನನ್ನ ಅರ್ಹತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಹನ್ನೊಂದು ವರ್ಷಗಳಿಂದ ಸಂಗೀತ ನಿರ್ದೇಶಕ. ಮನೆಯ ಹಿಂಬದಿಯ ಕೋಣೆಯಲ್ಲಿ ಕಂಪ್ಯೂಟರ್, ಎರಡು ಸ್ಪೀಕರ್, ಗೋಡೆಗೆಲ್ಲ ಸ್ಪಂಜು ಇವೆ. ಈವರೆಗೆ ಯಾವ ಹಾಡೂ ಮುಗಿದಿಲ್ಲ, ಶುರುವೂ ಆಗಿಲ್ಲ, ಏಕೆಂದರೆ ಯಾವ ಸಿಂಥಸೈಸರ್ ಒಳ್ಳೆಯದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹನ್ನೊಂದು ವರ್ಷ ಆ ನೆಲವನ್ನು ಅಳೆಯುತ್ತಾ ಕೂತಿದ್ದೆ.

“ಯಾವ ಒಲೆ ಒಳ್ಳೇದು ಅಂತ ನೋಡ್ತಾನೇ ಇದ್ದೀರಿ, ಅಡುಗೆ ಯಾವಾಗ?” ಎಂದು ಹೆಂಡತಿ ವರ್ಷಕ್ಕೊಮ್ಮೆ ಕೇಳುತ್ತಾಳೆ. ಕೇಳುವುದರಲ್ಲಿ ಸಿಟ್ಟಿಲ್ಲ, ಬರೀ ಕುತೂಹಲ. ಅದೇ ಹೆಚ್ಚು ನೋಯಿಸುತ್ತದೆ.

ಹಾಗಾಗಿ ತಟ್ಟೆಯಕ್ಕನ ಅರ್ಜಿ ನನಗೆ ದೇವರೇ ಕಳಿಸಿದ ಪತ್ರದಂತೆ ಕಂಡಿತು. ಅದರ ಅಂಚಿನಲ್ಲಿ ಬರೆದೆ: “ನಾದದ ಗಣಕೀಕರಣವೇ ಶಾಶ್ವತ ಪರಿಹಾರ. ಸೂಕ್ತ ಸಾಫ್ಟ್‌ವೇರ್ ಸಿಂಥಸೈಸರ್ ಮತ್ತು ಸ್ಯಾಂಪ್ಲರ್ ಆಯ್ಕೆಗೆ ಸಮಿತಿ ರಚಿಸುವುದು.”

ವ್ಯವಸ್ಥಾಪಕರು ಕರೆಸಿದರು. ಅವರು ಎಲ್ಲ ಕಾಗದಗಳನ್ನೂ ಕೊನೆಯ ಸಾಲಿನಿಂದ ಮೇಲಕ್ಕೆ ಓದುವ ಅಭ್ಯಾಸದವರು.

“ಏನ್ರೀ ಇದು, ಸಿಂಥಸೈಸರ್ರು?”

“ಇಲ್ಲದ ವಾದ್ಯದ ಸದ್ದನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಹುಟ್ಟಿಸೋದು ಸಾರ್.”

“ಮತ್ತೆ ಇನ್ನೊಂದು?”

“ಇರೋ ವಾದ್ಯದ ಸದ್ದನ್ನ ಹಿಡಿದಿಟ್ಟುಕೊಂಡು, ಕೀ ಒತ್ತಿದಾಗ ಮತ್ತೆ ನುಡಿಸೋದು.”

“ನಮ್ಮ ಹತ್ರ ವಾದ್ಯ ಇದೆಯಲ್ಲ. ಹಾಗಾದ್ರೆ ಇಲ್ಲದ ವಾದ್ಯ ಯಾಕೆ?”

“ಮುಂದೆ ಬೇಕಾಗಬಹುದು ಸಾರ್.”

‘ಮುಂದೆ ಬೇಕಾಗಬಹುದು’ ಎಂಬುದು ನಮ್ಮ ಕಚೇರಿಯಲ್ಲಿ ಯಾರೂ ತಳ್ಳಿಹಾಕದ ಕಾರಣ. ಸಮಿತಿ ಅಂದೇ ರಚನೆಯಾಯಿತು. ನಾನು ಅಧ್ಯಕ್ಷ, ಉಗ್ರಾಣದ ಗುಮಾಸ್ತರು ಸದಸ್ಯರು. ಸಮಿತಿಯ ಅವಧಿ ಮೂವತ್ತು ದಿನ. ಅದನ್ನು ಎರಡು ಸಲ ಮಾತ್ರ ವಿಸ್ತರಿಸಲಾಯಿತು.

ನಾನು ಮೂವತ್ತೇಳು ತಂತ್ರಾಂಶಗಳ ಪಟ್ಟಿ ಮಾಡಿದೆ. ಪ್ರತಿಯೊಂದನ್ನೂ ಹದಿನಾಲ್ಕು ದಿನ ಪುಕ್ಕಟೆ ಬಳಸಿ ನೋಡಬಹುದಿತ್ತು, ನೋಡಿದೆ. ಒಂದರಲ್ಲಿ ನಾಲ್ಕು ಸಾವಿರ ಸದ್ದುಗಳಿದ್ದವು. ಇನ್ನೊಂದರಲ್ಲಿ ಖಾಲಿ ನೀರಿನ ಟ್ಯಾಂಕಿನೊಳಗೆ ಯಾರೋ ನಿಟ್ಟುಸಿರು ಬಿಟ್ಟಂಥ ಸದ್ದಿತ್ತು. ಅದನ್ನು ಕೇಳುತ್ತಾ ಒಂದಿಡೀ ಭಾನುವಾರ ಕಳೆದೆ. ನಮ್ಮ ಅಗತ್ಯ ಮೂರು ಟಣ್‌ಗಳು. ಆದರೂ ವರದಿಯ ಒಂಬತ್ತನೇ ಪುಟದಲ್ಲಿ “ನಿಲ್ದಾಣದ ನಾದಕ್ಕೆ ಕನಿಷ್ಠ ಅರವತ್ನಾಲ್ಕು ಸ್ವರಗಳು ಏಕಕಾಲದಲ್ಲಿ ನುಡಿಯುವ ಸಾಮರ್ಥ್ಯ ಇರತಕ್ಕದ್ದು” ಎಂದು ಬರೆದೆ. ಬರೆದು ಓದಿಕೊಂಡೆ. ಕಣ್ಣು ತುಂಬಿ ಬಂತು.

ಮಗಳಿಗೆ ಏಳನೇ ತಿಂಗಳು ನಡೆಯುವಾಗ ತಟ್ಟೆಯಕ್ಕ ಮತ್ತೆ ಬಂದರು.

“ಸಾರ್, ನನಗೆ ತಿಳಿಯಲ್ಲ, ತಪ್ಪು ತಿಳ್ಕೋಬೇಡಿ. ನಾನು ಬಾರಿಸೋದನ್ನ ಈ ಮೊಬೈಲಲ್ಲೇ ರೆಕಾರ್ಡ್ ಮಾಡ್ಕೊಂಡು ಮೈಕಿನ ಮುಂದೆ ಹಿಡಿದ್ರೆ ಆಗಲ್ವಾ?”

ನಾನು ನಕ್ಕೆ. ಚಿಕ್ಕ ಮಕ್ಕಳು ಚಂದ್ರನನ್ನು ಕೇಳಿದಾಗ ನಗುವ ಹಾಗೆ ನಕ್ಕೆ. ಆಮೇಲೆ ಒಂದೇ ವಾದ್ಯವನ್ನು ಮೆತ್ತಗೆ ಬಾರಿಸಿದರೂ ಜೋರಾಗಿ ಬಾರಿಸಿದರೂ ನಾದದ ಗುಣವೇ ಹೇಗೆ ಬದಲಾಗುತ್ತದೆ, ಒಳ್ಳೆಯ ಸ್ಯಾಂಪ್ಲರ್ ಹದಿನಾರು ಬಗೆಯ ಬಲವನ್ನು ಹೇಗೆ ಬೇರ್ಪಡಿಸುತ್ತದೆ ಎಂಬುದನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಅಷ್ಟರಲ್ಲಿ ಐದು ಬಸ್ಸುಗಳು ಪ್ರಕಟಣೆಯಿಲ್ಲದೆ ಹೊರಟವು. ಯಾರಿಗೂ ಬಸ್ಸು ತಪ್ಪಲಿಲ್ಲ.

“ಹಾಗಾ ಸಾರ್,” ಎಂದರು ತಟ್ಟೆಯಕ್ಕ. “ನಾನು ಇಪ್ಪತ್ತೆರಡು ವರ್ಷದಿಂದ ಒಂದೇ ಬಲದಲ್ಲಿ ಬಾರಿಸ್ತಿದೀನಿ.”

ಎಂಟನೇ ತಿಂಗಳಲ್ಲಿ ಪಟ್ಟಿ ಮೂರಕ್ಕೆ ಇಳಿಯಿತು. ಅಲ್ಲಿ ಉಗ್ರಾಣದ ಗುಮಾಸ್ತರು ಮೊದಲ ಬಾರಿಗೆ ಬಾಯಿ ತೆರೆದರು.

“ತೂಕ ಎಷ್ಟು?”

“ಯಾವುದರ ತೂಕ?”

“ಈ ನಿಮ್ಮ ತಂತ್ರಾಂಶದ್ದು. ನಮ್ಮ ದಾಸ್ತಾನು ಪುಸ್ತಕದಲ್ಲಿ ತೂಕದ ಕಾಲಂ ಇದೆ. ತೂಕ ಇಲ್ಲದ ಸಾಮಾನು ಬಂದಿಲ್ಲ ಅಂತ ಅರ್ಥ.”

ತಂತ್ರಾಂಶಕ್ಕೆ ತೂಕ ಇರುವುದಿಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿ, ನನ್ನ ಕಂಪ್ಯೂಟರನ್ನು ಪಾರ್ಸೆಲ್ ತಕ್ಕಡಿಗೆ ಏರಿಸಿದರು. ತಂತ್ರಾಂಶ ಹಾಕುವ ಮುಂಚೆ ಒಮ್ಮೆ ತೂಗಿದರು, ಹಾಕಿದ ಮೇಲೆ ಇನ್ನೊಮ್ಮೆ ತೂಗಿದರು. ಮೂರಕ್ಕೆ ಮೂರೂ ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾದವು. ಮೂರನೆಯದನ್ನು ತೂಗುವಾಗ ಮುಳ್ಳು ಒಂಚೂರು ಅಲುಗಿತು, ನೋಡಿದರೆ ಫ್ಯಾನಿನ ಗಾಳಿ.

ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೇ ದಿನ ಹುಡುಕುತ್ತಾ ಹುಡುಕುತ್ತಾ, ಪಟ್ಟಿಯ ಮೂವತ್ತೈದನೆಯದು ಪೆಟ್ಟಿಗೆಯಲ್ಲೂ ಸಿಗುತ್ತದೆ ಎಂದು ತಿಳಿಯಿತು. ಒಳಗೆ ಒಂದು ಡಿಸ್ಕ್, ಆರು ಭಾಷೆಗಳಲ್ಲಿ ದಪ್ಪನೆಯ ಕೈಪಿಡಿ. ಒಟ್ಟು ತೂಕ ಎರಡು ಕೆಜಿ ನೂರು ಗ್ರಾಂ. ಸದ್ದಿನಲ್ಲಿ ಅದು ಕಡೆಯಿಂದ ಮೂರನೆಯದು. ಸಮಿತಿ ಅದನ್ನೇ ಒಮ್ಮತದಿಂದ ಆರಿಸಿತು. ಹನ್ನೊಂದು ವರ್ಷ ನಾನು ಬಗೆಹರಿಸಲಾಗದ ಪ್ರಶ್ನೆಯನ್ನು ಪಾರ್ಸೆಲ್ ತಕ್ಕಡಿ ಹತ್ತು ಸೆಕೆಂಡಿನಲ್ಲಿ ಬಗೆಹರಿಸಿತು. ಬೇಸರವಾಗಬೇಕಿತ್ತು, ನಿಜ ಹೇಳಬೇಕೆಂದರೆ ಹಗುರವಾಯಿತು.

ಅಂತಿಮ ವರದಿ ಬರೆಯುವಾಗ ಮಾಡಿದ ಒಂದು ಕೆಲಸವನ್ನು ಮುಚ್ಚಿಡುವುದಿಲ್ಲ. ಹತ್ತೊಂಬತ್ತನೇ ಅಂಶವಾಗಿ “ಸದರಿ ಉಪಕರಣವನ್ನು ಈ ನಾದದ ಒಳಮರ್ಮ ಬಲ್ಲ ಅನುಭವಿ ವಾದಕರೇ ಪ್ರತಿ ಪ್ರಕಟಣೆಗೂ ಖುದ್ದಾಗಿ ನುಡಿಸತಕ್ಕದ್ದು” ಎಂದು ಸೇರಿಸಿದೆ. ಆ ಅನುಭವಿ ವಾದಕ ನಾನೇ ಎಂದು ವ್ಯವಸ್ಥಾಪಕರಿಗೆ ತಾನಾಗಿಯೇ ಹೊಳೆಯುತ್ತದೆ ಎಂಬ ಆಸೆ. ದಿನಕ್ಕೆ ನೂರಿಪ್ಪತ್ತು ಸಲ, ಸಾವಿರಾರು ಜನ ತಲೆ ಎತ್ತಿ ನನ್ನ ಸಂಗೀತ ಕೇಳುತ್ತಾರೆ. ಯಾವ ಸಂಗೀತ ನಿರ್ದೇಶಕನಿಗೆ ಉಂಟು ಆ ಭಾಗ್ಯ?

ಪೆಟ್ಟಿಗೆ ಬಂದಾಗ ಒಂಬತ್ತು ತಿಂಗಳು ತುಂಬಿತ್ತು. ಇನ್ನು ಉಳಿದದ್ದು ತಟ್ಟೆಗಳ ಸದ್ದನ್ನು ಸ್ಯಾಂಪ್ಲರಿಗೆ ತುಂಬುವುದು. ಮೂರು ತಟ್ಟೆ, ಹದಿನಾರು ಬಲ, ಒಂದೊಂದಕ್ಕೂ ಐದೈದು ಸಲ: ಒಟ್ಟು ಇನ್ನೂರ ನಲವತ್ತು ಹೊಡೆತ. ಗಾಜಿನ ಕೋಣೆಗೆ ಕಂಬಳಿ ಹೊದಿಸಿದೆ. ಕಿವಿಗೆ ಹೆಡ್‌ಫೋನ್ ಏರಿಸಿ, ಬೆರಳೆತ್ತಿ ಸನ್ನೆ ಮಾಡಿದೆ. ತಟ್ಟೆಯಕ್ಕ ಬಾರಿಸತೊಡಗಿದರು.

ನೂರ ಎಪ್ಪತ್ತನೇ ಹೊಡೆತಕ್ಕೆ ಅವರ ಸೊಂಟದಲ್ಲಿದ್ದ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದರು.

“ಸಾರ್, ಮಗಳಿಗೆ ನೋವು ಜೋರಾಗಿದೆಯಂತೆ. ಪಕ್ಕದ ಮನೆಯವರು ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ. ಅವಳೇ ಮಾತಾಡ್ತಾಳಂತೆ, ಎರಡು ನಿಮಿಷ...”

“ಅಕ್ಕಾ, ಮಧ್ಯೆ ನಿಲ್ಲಿಸಿದ್ರೆ ಕೋಣೆಯ ಸದ್ದು ಬದಲಾಗುತ್ತೆ. ಇನ್ನು ಎಪ್ಪತ್ತೇ ಹೊಡೆತ. ಫೋನ್ ಆಫ್ ಮಾಡಿಬಿಡಿ.”

ಅವರು ನನ್ನ ಮುಖ ನೋಡಿದರು. ಆಫ್ ಮಾಡಿದರು. ಉಳಿದ ಎಪ್ಪತ್ತನ್ನೂ ಬಾರಿಸಿದರು. ಆ ಎಪ್ಪತ್ತರಲ್ಲಿ ಬಲಗಳ ನಡುವೆ ವ್ಯತ್ಯಾಸ ಕೇಳಿಸುತ್ತಿತ್ತು. ನಾನು ಟಿಪ್ಪಣಿಯಲ್ಲಿ “ಭಾವಪೂರ್ಣ” ಎಂದು ಗುರುತು ಹಾಕಿಕೊಂಡೆ.

ಮತ್ತೆ ಫೋನು ಹಚ್ಚುವಷ್ಟರಲ್ಲಿ ಮೊಮ್ಮಗ ಹುಟ್ಟಿಯಾಗಿತ್ತು. “ಅಮ್ಮ ಫೋನ್ ಯಾಕೆ ಆಫ್ ಮಾಡಿದಳು ಅಂತ ಅಳ್ತಿದ್ದಳಂತೆ ಸಾರ್,” ಎಂದರು ತಟ್ಟೆಯಕ್ಕ, ಕೊಡತಿಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು. ಬಾಗಿಲಲ್ಲಿ ನಿಂತಿದ್ದ ಉಗ್ರಾಣದ ಗುಮಾಸ್ತರು ತೂಕ ಕೇಳಿದರು. ಎರಡು ಕೆಜಿ ಎಂಟುನೂರು. ಅವರು ಸಮಾಧಾನದಿಂದ ತಲೆಯಾಡಿಸಿದರು. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಅದನ್ನು ಬರೆಯಲು ವರದಿಯಲ್ಲಿ ಜಾಗ ಇರಲಿಲ್ಲ.

ಮರುದಿನ ಅವರು ಬಟ್ಟೆಯ ಚೀಲದೊಂದಿಗೇ ಕೆಲಸಕ್ಕೆ ಬಂದರು. ಹತ್ತೂವರೆಯ ಬಸ್ಸಿಗೆ ತಾವೇ ತಟ್ಟೆ ಬಾರಿಸಿ, ತಾವೇ ಅದನ್ನು ಹತ್ತಿ ಹೋಗುವ ಯೋಚನೆ. ಹತ್ತು ಗಂಟೆಗೆ ವ್ಯವಸ್ಥಾಪಕರು ನಮ್ಮಿಬ್ಬರನ್ನೂ ಕರೆಸಿದರು. ವರದಿಯನ್ನು ಅಭ್ಯಾಸದಂತೆ ಹಿಂದಿನಿಂದ ಓದಿದ್ದರಿಂದ ಹತ್ತೊಂಬತ್ತನೇ ಅಂಶವೇ ಅವರಿಗೆ ಮೊದಲು ಸಿಕ್ಕಿತ್ತು.

“ಬಹಳ ಚೆನ್ನಾಗಿ ಬರೆದಿದ್ದೀರಿ. ಅನುಭವಿ ವಾದಕರೇ ಖುದ್ದಾಗಿ ನುಡಿಸಬೇಕು. ನಮ್ಮ ಆಫೀಸಿನಲ್ಲಿ ಈ ನಾದದ ಅನುಭವ ಯಾರಿಗಿದೆ?”

ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಅವರು ತಟ್ಟೆಯಕ್ಕನನ್ನು ನೋಡುತ್ತಿದ್ದರು.

“ಇಪ್ಪತ್ತೆರಡು ವರ್ಷ! ಬೇರೆ ಯಾರ್ರೀ ಇದಾರೆ? ಅಮ್ಮಾ, ನಾಳೆಯಿಂದ ನೀವು ಕೊಡತಿ ಬಿಟ್ಟು ಕೀ ಒತ್ತಿ.”

“ಸಾರ್, ನನ್ನ ರಜೆ...” ಎಂದರು ತಟ್ಟೆಯಕ್ಕ.

ಆ ಅಂಶ ತಪ್ಪಾಗಿ ಬಿದ್ದಿದೆ, ತೆಗೆದುಬಿಡೋಣ ಎಂದೆ. ಅನುಮೋದನೆಯಾದ ವರದಿಯ ಅಂಶ ತೆಗೆಯಲು ಹೊಸ ಸಮಿತಿ ಬೇಕು ಎಂದರು. ಹೊಸ ಸಮಿತಿಯ ಅವಧಿ ಮೂವತ್ತು ದಿನ, ವಿಸ್ತರಿಸಬಹುದು. ಬೀಸೋ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಇಲ್ಲಿ ದೊಣ್ಣೆ ಕೆತ್ತಿಕೊಟ್ಟವನು ನಾನು, ಪೆಟ್ಟು ಬಿದ್ದದ್ದು ಇನ್ನೊಬ್ಬರಿಗೆ. ಹಾಗೆಂದು ವ್ಯವಸ್ಥಾಪಕರು ಕಲ್ಲೆದೆಯವರಲ್ಲ. ಎರಡು ದಿನ ಯೋಚಿಸಿ ಅವರೇ ದಾರಿ ಹುಡುಕಿದರು. ಸೂಚನಾ ಫಲಕಕ್ಕೆ ಆದೇಶ ಬಿತ್ತು:

“ನಾದ ವಾದಕರಿಗೆ ಕೋರಿಕೆಯಂತೆ ನಲವತ್ತು ದಿನಗಳ ರಜೆಯನ್ನು ಪೂರ್ತಿಯಾಗಿ ಮಂಜೂರು ಮಾಡಲಾಗಿದೆ. ಸದರಿ ರಜೆಯನ್ನು ಒಂದು ಪ್ರಕಟಣೆಗೂ ಮುಂದಿನ ಪ್ರಕಟಣೆಗೂ ನಡುವಿನ ಅವಧಿಯಲ್ಲಿ, ಅಂದರೆ ತಲಾ ನಾಲ್ಕು ನಿಮಿಷದಂತೆ, ನಾಲ್ಕು ಸಾವಿರದ ಎಂಟುನೂರು ಕಂತುಗಳಲ್ಲಿ ಅನುಭವಿಸತಕ್ಕದ್ದು. ದಿನಕ್ಕೆ ಹದಿನಾರು ಕಂತು ಮೀರಬಾರದು. ಪ್ರತಿ ಕಂತಿಗೂ ಹೋಗುವಾಗ ಒಂದು, ಬರುವಾಗ ಒಂದು ಸಹಿ ಕಡ್ಡಾಯ.”

ನಾಲ್ಕು ನಿಮಿಷದಲ್ಲಿ ಆರು ಗಂಟೆ ದಾರಿಯ ಮಗಳ ಊರಿಗೆ ಹೋಗಿ ಬರಲಾಗುವುದಿಲ್ಲ ಎಂಬುದು ಆದೇಶಕ್ಕೆ ಸಂಬಂಧಿಸಿದ ವಿಷಯವಲ್ಲ. ಎರಡು ತಿಂಗಳು ತಟ್ಟೆಯಕ್ಕ ಒಂದು ಕಂತನ್ನೂ ಬಳಸಲಿಲ್ಲ, ನನ್ನ ಹತ್ತಿರ ಮಾತೂ ಆಡಲಿಲ್ಲ. ಆಮೇಲೆ ಮಗಳೇ ಕೂಸನ್ನು ಎತ್ತಿಕೊಂಡು ಅಮ್ಮನ ಮನೆಗೆ ಬಂದಳು. ಈಗ ದಿನಾ ಹತ್ತು ಗಂಟೆಗೆ ನಿಲ್ದಾಣಕ್ಕೆ ಬಂದು, ಗಾಜಿನ ಕೋಣೆಯ ಎದುರಿನ ಬೆಂಚಿನಲ್ಲಿ ಕೂರುತ್ತಾಳೆ. ತಟ್ಟೆಯಕ್ಕ ಮೂರು ಕೀ ಒತ್ತುತ್ತಾರೆ, ಸಹಿ ಹಾಕುತ್ತಾರೆ, ಓಡುತ್ತಾರೆ, ಮೊಮ್ಮಗನನ್ನು ಎತ್ತಿಕೊಳ್ಳುತ್ತಾರೆ, ಇಳಿಸುತ್ತಾರೆ, ಓಡುತ್ತಾರೆ, ಸಹಿ ಹಾಕುತ್ತಾರೆ, ಕೀ ಒತ್ತುತ್ತಾರೆ. ಹದಿನಾರು ಬಗೆಯ ಬಲವೂ ಕಂಬದ ಮೇಲಿನ ಹಳೇ ಸ್ಪೀಕರಿನಲ್ಲಿ ಒಂದೇ ಟಣ್ ಆಗಿ ಕೇಳಿಸುತ್ತದೆ. ಪ್ರಯಾಣಿಕರು ತಲೆ ಎತ್ತುತ್ತಾರೆ. ಬೆಂಚಿನಲ್ಲಿ ಜಾಗ ಸಾಲದೆ ಇದ್ದರೆ ಸರಿದು ಕೂರುತ್ತಾರೆ. ಯಾರಾದರೂ ಹೊಸಬರು ಇದೇನೆಂದು ಕೇಳಿದರೆ, ಅಜ್ಜಿ ರಜೆ ಮೇಲಿದಾರೆ ಎಂದು ಉಳಿದವರು ತಿಳಿಸುತ್ತಾರೆ.

ಸಹಿ ಪುಸ್ತಕ ಇರುವುದು ನನ್ನ ಮೇಜಿನ ಮೇಲೆ. ನಿನ್ನೆ ಒಂಬತ್ತನೇ ಕಂತಿಗೆ ಓಡಿ ಬಂದ ತಟ್ಟೆಯಕ್ಕ ಏದುಸಿರು ಬಿಡುತ್ತಾ ಪುಟ ತಿರುವಿದರು. ತಡೆಯಲಾರದೆ ಕೇಳಿದೆ: “ಅಕ್ಕಾ, ನನ್ನ ಮೇಲೆ ಸಿಟ್ಟಿದೆಯಾ?”

“ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿದೆ ಸಾರ್?” ಎಂದು ಸಹಿ ಹಾಕಿದರು. “ಲೆಕ್ಕ ಹಾಕಿದೀನಿ. ರಜೆ ಮುಗಿಯೋ ಹೊತ್ತಿಗೆ ಹೆಚ್ಚುಕಡಿಮೆ ವರ್ಷ ಆಗುತ್ತೆ. ಅಷ್ಟರಲ್ಲಿ ಅವನಿಗೆ ಕಾಲು ಬಂದಿರುತ್ತೆ. ನಾನು ಓಡಬೇಕಾಗಿಲ್ಲ, ಅವನೇ ನಡ್ಕೊಂಡು ಇಲ್ಲಿಗೆ ಬರ್ತಾನೆ ಬಿಡಿ.”

ಮಗು ಕೋಣೆಯೊಳಗೆ ಬರಲು ಪ್ರವೇಶ ಪತ್ರ ಬೇಕಾಗುತ್ತದೆ ಎಂದು ನೆನಪಾಯಿತು. ಅರ್ಜಿಯನ್ನು ಇವತ್ತೇ ಹಾಕಿದ್ದೇನೆ. ಒಂದು ವರ್ಷದೊಳಗೆ ಆಗಬಹುದು ಎಂದು ಎಲ್ಲರೂ ಹೇಳುತ್ತಿದ್ದಾರೆ.