ಮನೆಗೊಬ್ಬರು ಬಂದರೆ ಕಟ್ಟ

ನಗುವುದಕ್ಕೆ ನಾನು ಟಿಕೆಟ್ ಕೊಂಡು ನಾಟಕಕ್ಕೆ ಹೋಗಬೇಕಿಲ್ಲ. ಮಣಿಪಾಲದ ಆಫೀಸಿನಿಂದ ಹೊರಟು ಯಾವ ಬಸ್ಸು ಹತ್ತಿದರೂ ಇಳಿದಲ್ಲಿ ಒಂದು ಪ್ರಸಂಗ ಕಾದುಕೊಂಡಿರುತ್ತದೆ. ಊರಿನವರೆಲ್ಲ ಸೇರಿ ಕೆರೆ, ತೋಡು, ಬನ ಉಳಿಸಿಕೊಳ್ಳುತ್ತೇವೆ ಎಂದು ಅರ್ಜಿ ಹಾಕಿದರೆ, ಅದು ಆಗುವ ಕೆಲಸವೋ ಬರೀ ಬಾಯಿಮಾತೋ ಎಂದು ನೋಡಿ ಹೇಳುವುದು ನನ್ನ ಉದ್ಯೋಗ. ನಾನು 'ಆಗುತ್ತದೆ' ಎಂದರೆ ನೆರವು ಉಂಟು, ಇಲ್ಲವಾದರೆ ಇಲ್ಲ. ಬೆಳ್ಮಣ್ ಹತ್ತಿರದ ಒಂದು ತೋಡಿಗಾಗಿ, ಎಂದರೆ ಸಣ್ಣ ಹಳ್ಳಕ್ಕಾಗಿ, ಓಡಾಡಿದ ಕತೆ ಹೇಳುತ್ತೇನೆ. ನಗು ಬಂದರೆ ಧಾರಾಳವಾಗಿ ನಗಿ. ನನಗೆ ಮಾತ್ರ ಈಗ ಅಷ್ಟು ಬರುವುದಿಲ್ಲ.

೧. ಆರು ಮನೆಗೊಬ್ಬ

ಅರ್ಜಿ ಹಾಕಿದವರು ತೋಡಿನ ಬದಿಯ ಬಾಯಮ್ಮ. ನಮ್ಮಲ್ಲಿ ಕ್ರೈಸ್ತರ ಮನೆಯ ಹೆಂಗಸರನ್ನು ಕರೆಯುವುದೇ ಹಾಗೆ. ಗಂಡಸರಾದರೆ ಪೊರ್ಬುಗಳು; ಅವರ ಗಂಡನನ್ನೂ ಹಾಗೆಯೇ ಕರೆಯುತ್ತಿದ್ದೆವು. ಹಿಂದೆಲ್ಲ ಮಳೆ ನಿಂತ ಕೂಡಲೇ ಮನೆಗೊಬ್ಬರು ತೋಡಿಗಿಳಿದು, ಕಲ್ಲು ಮಣ್ಣು ಹಾಕಿ ಅಡ್ಡಲಾಗಿ ಕಟ್ಟ ಕಟ್ಟುತ್ತಿದ್ದರಂತೆ. ನೀರು ನಿಂತು ಸುತ್ತಲಿನ ಬಾವಿಗಳಿಗೆ ಒರತೆ ಬರುತ್ತಿತ್ತು. ಮನೆಮನೆಗೆ ಬೋರ್‌ವೆಲ್ ಬಂದ ಮೇಲೆ ಯಾರೂ ತೋಡಿಗಿಳಿಯಲಿಲ್ಲ. ಬೋರ್‌ವೆಲ್ ಇಲ್ಲದ ಬಾಯಮ್ಮನ ಬಾವಿ ಬೇಸಿಗೆಗೆ ಒಣಗಿತು.

"ಒಂದು ಸಲ ಎಲ್ಲ ಮನೆಯವರೂ ನನ್ನ ಅಂಗಳದಲ್ಲಿ ಬಂದು ನಿಲ್ಲಬೇಕು ಮಾರಾಯ್ರೇ. ಮತ್ತೆ ಕಟ್ಟ ತನ್ನಿಂದ ತಾನೇ ಆಗ್ತದೆ" ಎಂದರು.

ನಮ್ಮ ನಿಯಮವೂ ಅದೇ: ಸಭೆಗೆ ಮನೆಗೊಬ್ಬರು ಬರಬೇಕು. ಸಭೆಯ ದಿನ ಬಾಯಮ್ಮ ನೆರೆಮನೆಗಳಿಂದ ಕುರ್ಚಿ ತಂದು ಅಂಗಳ ತುಂಬ ಹಾಕಿದ್ದರು. ಕುರ್ಚಿಗಳು ಬಂದವು, ಕುರ್ಚಿಯವರು ಬರಲಿಲ್ಲ. ಬಂದವನು ಒಬ್ಬನೇ, ಗದಗದ ಕಡೆಯಿಂದ ಕೂಲಿಗೆ ಬಂದು ಇಲ್ಲೇ ಉಳಿದವನು.

"ನೀನು ಯಾವ ಮನೆಯಿಂದ ಮಾರಾಯ?"

"ಆರು ಮನೀ ಪರವಾಗಿ ಬಂದೀನ್ರಿ ಸರ. ಅವರಿಗೆ ಪುರಸೊತ್ತಿಲ್ಲಂತ. ದಿನಾ ನಮ್ಮ ಕೆಲಸಕ್ಕ ಬರ್ತೀಯಲ್ಲ, ಇದಕ್ಕೂ ನೀನ ಹೋಗು ಅಂದ್ರು."

"ಆಯಿತು, ಕಟ್ಟ ಬೇಕೋ ಬೇಡವೋ?"

"ಮಾಸ್ತರ ಮನೀಗೆ ಬೇಕ್ರಿ. ಅಂಗಡಿಯವರ ಮನೀಗೆ ಬ್ಯಾಡ್ರಿ. ರಿಕ್ಷಾದವರು ಏನೂ ಹೇಳಿಲ್ರಿ." ಸ್ವಲ್ಪ ಯೋಚಿಸಿ ಬಾಯಮ್ಮನ ಕಡೆ ತಿರುಗಿದ. "ನನಗಂದ್ರ, ಒಂದು ಚಾ ಬೇಕ್ರಿ."

೨. ಆಚೆ ದಡ, ಈಚೆ ದಡ

ಜನ ಸಭೆಗೆ ಬಾರದಿದ್ದರೆ ಸಭೆಯೇ ಜನರ ಹತ್ತಿರ ಹೋಗಬೇಕಲ್ಲ. ಮನೆಮನೆ ತಿರುಗಿದೆ. ಎಲ್ಲಿ ಹೋದರೂ ಎಳನೀರು ಕೊಟ್ಟರು, ಕಟ್ಟ ಆಗಲೇಬೇಕು ಎಂದರು, ಬರುತ್ತೇನೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ದೊಡ್ಡ ತಲೆನೋವು ಅಣ್ಣತಮ್ಮಂದಿರದ್ದು. ಪಾಲಾದಾಗ ತೋಡಿನ ಆಚೆ ದಡ ಅಣ್ಣನಿಗೆ, ಈಚೆ ದಡ ತಮ್ಮನಿಗೆ ಬಂದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕಟ್ಟದ ಒಂದೊಂದು ತುದಿ ಒಬ್ಬೊಬ್ಬನ ಜಾಗದಲ್ಲಿ ಕೂರಬೇಕು.

ಅಣ್ಣ ಹೇಳಿದ, "ನಾನು ಬರ್ತೇನೆ. ಆದರೆ ಅವ ಬಂದರೆ ನಾನಿಲ್ಲ."

ತಮ್ಮ ಹೇಳಿದ, "ದೊಡ್ಡವ ಅವ ಅಲ್ವಾ? ಅವ ಮೊದಲು ಬರಲಿ, ಮತ್ತೆ ನಾನು."

ಬಾಯಮ್ಮನಿಗೆ ಇದನ್ನು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತ ನಗುತ್ತ ಸುಸ್ತಾಗಿ ಜಗಲಿಯಲ್ಲಿ ಕುಳಿತುಬಿಟ್ಟರು. ಕಾಲು ಊದಿಕೊಂಡಿದ್ದನ್ನು ನಾನು ನೋಡಿದ್ದು ಆಗಲೇ. "ಹಾಗಾದರೆ ಕಟ್ಟಕ್ಕೆ ಒಂದೇ ತುದಿ ಸಾಕು ಅಂತ ಬರೆಯಿರಿ" ಎಂದರು.

೩. ಡಾಕ್ಟರಿಗಿಂತ ಮೊದಲೇ

ಮಳೆಗಾಲ ಮುಗಿಯುವಾಗ ಬಾಯಮ್ಮ ಮಣಿಪಾಲದಲ್ಲಿ ಆಸ್ಪತ್ರೆ ಸೇರಿದರು. ಕಿಡ್ನಿ ಎರಡೂ ಹೋಗಿದ್ದವು. ಆಫೀಸು ಬಿಟ್ಟು ನೋಡಲು ಹೋದರೆ ಕಾಯಿಲೆಯ ಮಾತೇ ಇಲ್ಲ. "ತೋಡಿನಲ್ಲಿ ನೀರು ಇನ್ನೂ ಉಂಟಲ್ಲ? ಈಗಲೇ ಕಟ್ಟಬೇಕು. ನೀವು ಎಂತ ಬರೆದಿರಿ?"

"ಇನ್ನೂ ಬರೆದಿಲ್ಲ ಬಾಯಮ್ಮ." ನಿಜವಾಗಿಯೂ ಬರೆದಿರಲಿಲ್ಲ. 'ಆಗುವುದಿಲ್ಲ' ಎಂದು ಬರೆಯಬೇಕಿತ್ತು, ಕೈ ಬರಲಿಲ್ಲ.

ಆಗಲೇ ಚಿಕ್ಕ ಪ್ರಾಯದ ಡಾಕ್ಟರು ಬಂದು ಬಹಳ ಬೇಸರದಿಂದ ಹೇಳಿದರು, "ಅಮ್ಮಾ, ಇನ್ನು ಮುಂದೆ ನೀರು ತುಂಬ ಕಡಿಮೆ ಕುಡಿಯಬೇಕು."

ಬಾಯಮ್ಮ ಅವರ ಕೈ ತಟ್ಟಿ ಸಮಾಧಾನ ಮಾಡಿದರು. "ಅದಕ್ಕೆ ನೀವೆಂತಕ್ಕೆ ಬೇಜಾರು ಮಾಡ್ತೀರಿ ಡಾಕ್ಟ್ರೇ? ನಮ್ಮ ಬಾವಿ ಪ್ರತಿ ಏಪ್ರಿಲ್‌ನಲ್ಲಿ ಅದನ್ನೇ ಹೇಳ್ತದೆ."

೪. ಅಂಗಳ ತುಂಬಿತು

ಕಟ್ಟ ಕೊನೆಗೂ ಆಯಿತು. ಈ ಬೇಸಿಗೆಗೆ ಆ ಬಾವಿಯಲ್ಲಿ ನೀರು ಇತ್ತು. ಬಾಯಮ್ಮ ಅದನ್ನು ನೋಡಲಿಲ್ಲ. ಆದದ್ದು ಹೀಗೆ.

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮನೆಯವರೇ ಹೋದಷ್ಟು ಸಂಕಟವಾಯಿತು. ಹೋಗಿ ನೋಡಿದರೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಮಾಸ್ತರು, ಅಂಗಡಿಯವರು, ರಿಕ್ಷಾದವರು, ಒಂದು ಮನೆಯೂ ಬಿಟ್ಟಿರಲಿಲ್ಲ. ಯಾರ ಪರವಾಗಿಯೂ ಯಾರೂ ಬಂದಿರಲಿಲ್ಲ. ಪೆಟ್ಟಿಗೆಯ ಒಂದು ಬದಿಗೆ ಅಣ್ಣ ಹೆಗಲು ಕೊಟ್ಟಿದ್ದ, ಇನ್ನೊಂದು ಬದಿಗೆ ತಮ್ಮ. ಗದಗದವನು ಬಾವಿಯ ಹತ್ತಿರ ನಿಂತು ಗಳಗಳ ಅಳುತ್ತಿದ್ದ. "ಇವತ್ತ ನನ್ನ ಪರವಾಗಿ ಬಂದೀನ್ರಿ ಸರ. ಚಾ ಕೊಟ್ಟ ಅವ್ವ."

ಇಗರ್ಜಿಯಲ್ಲಿ ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದೆವು. ಚಾ ಕೊಟ್ಟರು. ಪೊರ್ಬುಗಳು ಕಣ್ಣೊರೆಸಿಕೊಂಡು ಅಂಗಳವನ್ನೆಲ್ಲ ಒಮ್ಮೆ ನೋಡಿ, ನೇರ ನನ್ನ ಹತ್ತಿರ ಬಂದರು.

"ಎಲ್ಲ ಮನೆಯವರೂ ಇದ್ದಾರೆ. ಅವಳು ಕೇಳಿದ್ದು ಇಷ್ಟೇ. ಸಭೆ ಶುರು ಮಾಡಿ."

ಮಾಸ್ತರು ಎದ್ದು ಅವರ ಹೆಗಲ ಮೇಲೆ ಕೈಯಿಟ್ಟು, "ಇವತ್ತು ಬೇಡ ಪೊರ್ಬುಗಳೇ. ಇನ್ನೊಂದು ದಿನ ಎಲ್ಲರೂ ಸೇರುವ" ಎಂದರು.

"ಇನ್ನೊಂದು ದಿನ ನಿಮ್ಮನ್ನೆಲ್ಲ ಸೇರಿಸಬೇಕಾದರೆ ನಾನು ಸಾಯಬೇಕು ಮಾಸ್ಟ್ರೇ" ಎಂದರು ಪೊರ್ಬುಗಳು. "ಹಾಗೆ ಮಾಡುವುದಾದರೆ ಈಗಲೇ ಹೇಳಿಬಿಡಿ. ಪೆಟ್ಟಿಗೆ ತಂದವ ಇನ್ನೂ ಗೇಟಿನ ಹತ್ತಿರವೇ ಇದ್ದಾನೆ."