ಮಮ್ಮಿಯ ಬೆರಳಿಗೆ ಬಿಸಿಗಾಳಿ

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್‌ಗಳು ನಮ್ಮ ಶಕ್ತಿನಗರದ ಮನೆಯ ಶೋಕೇಸಿನಲ್ಲಿ ಜಾಗ ಸಾಲದೆ ಫ್ರಿಜ್ಜಿನ ಮೇಲೆ ನಿಂತಿವೆ. ಹೀಗಿರುವಾಗ ಒಂದು ಟ್ರಕ್ಕಿನ ಹೀಟರ್ ನನ್ನೆದುರು ಎಷ್ಟು ಹೊತ್ತು ನಿಂತೀತು ಎಂದೇ ನಂಬಿದ್ದೆ.

ವಿಷಯ ಗಂಭೀರವೇ. ಡಿಸೆಂಬರಿನಲ್ಲಿ ಮಡಿಕೇರಿಯಲ್ಲಿ ಮಮ್ಮಿಯ ತಂಗಿಯ ಮಗಳು ಶೆರಿಲ್‌ಳ ಮದುವೆ. ಮುನ್ನಾದಿನ ರೋಸ್, ಅಂದರೆ ಮದುಮಗಳಿಗೆ ತೆಂಗಿನ ಹಾಲೆರೆಯುವ ಶಾಸ್ತ್ರ. ಮಮ್ಮಿ ಅವಳ ಗಾಡ್‌ಮದರ್, ಎರೆಯಲೇಬೇಕು. ಆದರೆ ಚಳಿ ತಾಗಿದರೆ ಸಂಧಿವಾತದ ಅವಳ ಬೆರಳುಗಳು ಚಮಚವನ್ನೂ ಹಿಡಿಯುವುದಿಲ್ಲ. ತೆಂಗಿನಕಾಯಿ, ಪಾತ್ರೆ, ನಾವು ಮೂವರು, ಎಲ್ಲ ಹೋಗಬೇಕಾದದ್ದು ಪಪ್ಪನ ಮಿನಿ ಟ್ರಕ್ಕಿನಲ್ಲಿ. ಅದರ ಹೀಟರ್ ಹಾಕಿದರೆ ಬರುವುದು ತಣ್ಣನೆಯ ಗಾಳಿ.

"ನೀವಿಬ್ಬರೇ ಹೋಗಿ," ಎಂದಳು ಮಮ್ಮಿ. "ಹಾಲೆರೆಯುವಾಗ ನನ್ನ ಕೈಯಿಂದ ಪಾತ್ರೆ ಬಿದ್ರೆ ಆ ಹುಡುಗಿಗೆ ಬೇಜಾರು."

"ಇವತ್ತು ಸಂಜೆಯೊಳಗೆ ಸರಿ ಮಾಡಿಸ್ತೇನೆ," ಎಂದೆ.

ಪಕ್ಕದ ರಸ್ತೆಯ ಮೆಕ್ಯಾನಿಕ್ ಹಮೀದಾಕ ಸ್ಪ್ಯಾನರ್ ಹಿಡಿದು ಬಂದರು. "ಮೊದಲು ಹೀಟರಿನ ಪೈಪ್ ನೋಡುವ."

"ಆಧಾರ?" ಎಂದೆ.

ಅವರು ಹೇಳುವವರೆಗೆ ನಾನು ಕಾಯಲಿಲ್ಲ. ನನ್ನ ಬಳಿ ಮೂರಿದ್ದವು, ಮೂರೂ ಮೊಬೈಲಿನಲ್ಲಿ ನೋಡಿದ್ದು.

ಮೊದಲನೆಯದು ಹೀಟರಿನ ಗಾಳಿ ಸೋಸುವ ಫಿಲ್ಟರ್. ಬಿಚ್ಚಿಸಿ ಗೋಡೆಗೆ ಬಡಿದೆ. ವರ್ಷಗಳ ಧೂಳು ಎದ್ದು, ಮದುವೆಗೆಂದು ಒಗೆದು ಒಣಹಾಕಿದ್ದ ಪಪ್ಪನ ಬಿಳಿ ಅಂಗಿಯ ಮೇಲೆ ಕೂತಿತು. ಗಾಳಿ ಜೋರಾಗಿ ಬಂತು. ತಣ್ಣಗೇ ಬಂತು.

ಎರಡನೆಯದು ಕೂಲೆಂಟ್, ಇಂಜಿನಿನ ಬಿಸಿಯನ್ನು ಹೀಟರಿಗೆ ಒಯ್ಯುವ ನೀರು; ಕಡಿಮೆಯಾಗಿರಬಹುದು. "ಇಂಜಿನ್ ಬಿಸಿ ಉಂಟು, ಮುಚ್ಚಳ ಮುಟ್ಟಬೇಡ ಮಾರಾಯ್ತಿ," ಎಂದು ಹಮೀದಾಕ ನನ್ನ ಕೈ ಹಿಡಿದೆಳೆಯದಿದ್ದರೆ ಇದನ್ನು ಬೇರೆ ಯಾರಾದರೂ ಬರೆಯಬೇಕಿತ್ತು. ತಣಿದ ಮೇಲೆ ತೆರೆದರೆ ಕಂಠಮಟ್ಟ ತುಂಬಿತ್ತು.

"ಈಗ ಆ ಪೈಪ್..."

"ನನ್ನ ವಾದ ಮುಗಿದಿಲ್ಲ."

ಮೂರನೆಯದು ಥರ್ಮೋಸ್ಟಾಟ್, ಇಂಜಿನ್ ಕಾದಾಗ ಮಾತ್ರ ತೆರೆದುಕೊಳ್ಳುವ ಪುಟ್ಟ ಬಾಗಿಲು. ಬಿಚ್ಚಿಸಿ, ಗಂಜಿಯ ಪಾತ್ರೆಯಲ್ಲಿ ಕುದಿಸಿ ಪರೀಕ್ಷಿಸಿದೆ. ಅದು ವಿಧೇಯವಾಗಿ ಬಾಯಿ ತೆರೆಯಿತು. ನಿರ್ದೋಷಿ.

"ನಾಳೆ ಗಂಜಿಯಲ್ಲಿ ಗಾಡಿಯ ವಾಸನೆ ಬಂದ್ರೆ ಪೂರಾ ನೀನೇ ಉಣ್ಣಬೇಕು," ಎಂದಳು ಮಮ್ಮಿ.

ಸಂಜೆ ಐದಕ್ಕೆ ನನ್ನ ಆಧಾರಗಳೆಲ್ಲ ಖರ್ಚಾಗಿದ್ದವು. ಥರ್ಮೋಸ್ಟಾಟನ್ನು ಮರಳಿ ಕೂರಿಸಿದ ಹಮೀದಾಕ ಪೈಪ್ ತೋರಿಸಿದರು. ಬಿಸಿನೀರನ್ನು ಹೀಟರಿಗೆ ಒಯ್ಯಬೇಕಾದ ಆ ಪೈಪ್ ಹೀಟರಿಗೆ ಹೋಗುವುದೇ ಇಲ್ಲ. ಅರ್ಧದಲ್ಲೇ ತಿರುಗಿ ಇಂಜಿನಿಗೆ ವಾಪಸು. ಕ್ಲಿಪ್ ಹಾಕಿ ಬಿಗಿದದ್ದು ಬೇರೆ.

"ಯಾವ ಬುದ್ಧಿಗೇಡಿ ಮಾಡಿದ್ದು ಇದು?"

"ನಾನು," ಎಂದರು ಹಮೀದಾಕ. "ಮಾಡಿಸಿದ್ದು ನೀನು."

ನೆನಪಾಯಿತು. ಏಪ್ರಿಲಿನಲ್ಲಿ ನಾಬ್ ಕೆಟ್ಟು, ಹೀಟರ್ ಬಂದ್ ಮಾಡಿದರೂ ಬಿಸಿಗಾಳಿ ನಿಲ್ಲದೆ, ಬಜಪೆಯಿಂದ ಬರುವಾಗ ಮಮ್ಮಿಗೆ ತಲೆ ಸುತ್ತಿತ್ತು. ಹೊಸ ನಾಬ್ ಹಾಕಿಸುವ ಎಂದ ಪಪ್ಪನೆದುರು, ಮಂಗಳೂರಿನಲ್ಲಿ ಚಳಿ ಎಂಬುದೇ ಒಂದು ಮೂಢನಂಬಿಕೆ, ಹೀಟರಿನ ಪೈಪನ್ನೇ ತಿರುಗಿಸಿಬಿಟ್ಟರೆ ಸಾಕು ಎಂದು ಅರ್ಧ ಗಂಟೆ ವಾದಿಸಿ ಗೆದ್ದಿದ್ದೆ.

"ಪಪ್ಪಾ, ನಿಮಗೆ ಇದು ನೆನಪಿತ್ತಾ?"

"ಬೆಳಿಗ್ಗೆಯಿಂದ ಉಂಟು."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

ಪಪ್ಪ ಅಂಗಿಯ ಧೂಳು ಕೊಡವಿದರು. "ಅವತ್ತೂ ಮಮ್ಮಿಗೋಸ್ಕರ ಜಗಳ ಮಾಡಿದ್ದು, ಇವತ್ತೂ ಅವಳಿಗೋಸ್ಕರ. ಮಧ್ಯೆ ಬಾಯಿ ಹಾಕಲು ಮನಸ್ಸಾಗಲಿಲ್ಲ."

ಹಮೀದಾಕ ಹತ್ತೇ ನಿಮಿಷದಲ್ಲಿ ಪೈಪ್ ಜೋಡಿಸಿದರು. ರೋಸಿನ ದಿನ ಮಡಿಕೇರಿಯ ಮಂಜಿನಲ್ಲೂ ಕ್ಯಾಬಿನ್ ಬೆಚ್ಚಗಿತ್ತು. ಮಮ್ಮಿ ದಾರಿಯುದ್ದಕ್ಕೂ ಎರಡೂ ಕೈ ಗಾಳಿಗೆ ಒಡ್ಡಿ ಕೂತಳು. ಆ ಸಂಜೆ ಅವಳು ಶೆರಿಲ್‌ಳ ತಲೆಗೆ ಹಾಲೆರೆಯುವಾಗ ಪಾತ್ರೆ ಸ್ವಲ್ಪವೂ ಅಲುಗಲಿಲ್ಲ.

ವಾಪಸು ಬರುವಾಗ ಘಾಟಿ ಇಳಿದಂತೆ ಬಿಸಿಲೇರಿತು. ಪಪ್ಪ ನಾಬ್ ತಿರುಗಿಸಿದರು. ನಾಬ್ ತಿರುಗಿತು. ಬಿಸಿಗಾಳಿ ನಿಲ್ಲಲಿಲ್ಲ. ನಾಬ್ ಏಪ್ರಿಲಿನಲ್ಲೇ ಕೆಟ್ಟಿತ್ತೆಂದು ಮೂವರಿಗೂ ಗೊತ್ತಿತ್ತು. ಬದಲಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಬೆವರಿಳಿಯುತ್ತಿದ್ದ ಮಮ್ಮಿ ಮದುವೆಯ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತ ಕೇಳಿದಳು, "ಲವೀನಾ, ಮಂಗಳೂರಿನಲ್ಲಿ ಚಳಿ ಉಂಟಾ, ಇಲ್ವಾ? ಒಂದು ತೀರ್ಮಾನಕ್ಕೆ ಬಾ."

ನಾನು ಅವಳ ಬೆಚ್ಚಗಿನ ಬೆರಳುಗಳಿಂದ ಕಾಗದ ತೆಗೆದುಕೊಂಡು, ಮನೆ ತಲುಪುವವರೆಗೂ ಬೀಸಿದೆ.