ನಮ್ಮ ಎಂಜಿನ್ನಿನ ಮೂಗು ಹಿಡಿದ ಮಹನೀಯರಿಗೆ

ಇಪ್ಪತ್ತನಾಲ್ಕು ಗಂಟೆ ಕಾರು ಓಟದ ನಿಯಮ ಸಮಿತಿಯ ಮಾನ್ಯರೇ,

ತಮ್ಮ ಆರೋಗ್ಯವೂ ತಮ್ಮ ಅಳತೆಪಟ್ಟಿಗಳ ಆರೋಗ್ಯವೂ ಚೆನ್ನಾಗಿವೆಯೆಂದು ನಂಬಿ, ಆರ್ನಾಜ್ ಊರಿನ ಆರು ಜನರ ಎಂಜಿನ್ ಕಾರ್ಖಾನೆಯ ಒಡತಿಯಾದ ನಾನು ಈ ಕೃತಜ್ಞತಾಪೂರ್ವಕ ದೂರನ್ನು ಸಲ್ಲಿಸುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ನಮ್ಮ ನಾಲ್ಕು ಪತ್ರಗಳನ್ನು ತೆರೆಯಲು ತಮಗೆ ಬಿಡುವಾಗಲಿಲ್ಲವೆಂದು ತಿಳಿದದ್ದರಿಂದ ಇದನ್ನು ತೆರೆದೇ ಕಳಿಸುತ್ತಿದ್ದೇನೆ.

ನಮ್ಮಲ್ಲಿ ಮೂವತ್ತೊಂದು ವರ್ಷದಿಂದ ಎಂಜಿನ್ ಕಟ್ಟುತ್ತಿರುವ ಫೆರೆಯೋಲ್ ಎಂಬ ಹಿರಿಯರಿದ್ದಾರೆ. ನಿವೃತ್ತಿಗೆ ಮುಂಚೆ ಹನ್ನೆರಡು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಒಂದನ್ನು ಕಟ್ಟಿ, ಜೂನ್ ತಿಂಗಳ ಓಟದಲ್ಲಿ ಅದರ ಕೂಗು ಕೇಳಿ ಮನೆಗೆ ಹೋಗುವೆನೆಂದು ಅವರು ಎರಡು ಚಳಿಗಾಲ ದುಡಿದರು. ಅದನ್ನು ಮೊದಲ ಸಲ ಚಾಲೂ ಮಾಡಿದ ದಿನ ಎದುರು ಬೇಕರಿಯಾಕೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬೈಯಲು ಬಂದವಳು ಬಾಗಿಲಲ್ಲೇ ನಿಂತು ಕೇಳಿ, ಬೈಯದೆ ಹೋದಳು.

ಓಟಕ್ಕೆ ಹನ್ನೊಂದು ವಾರವಿರುವಾಗ ತಮ್ಮ ಸುತ್ತೋಲೆ ಬಂತು. ದೊಡ್ಡ ಕಂಪನಿಗಳ ಡೀಸೆಲ್ ಎಂಜಿನ್‌ಗಳಿಗೂ ನಮ್ಮಂಥವಕ್ಕೂ ಸಮತೋಲನ ತರುವ ಘನ ಉದ್ದೇಶದಿಂದ, ನಮ್ಮ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಮೂರು ಮಿಲಿಮೀಟರ್ ಕಿರಿದು ಮಾಡಬೇಕೆಂದು ಅಪ್ಪಣೆಯಾಗಿತ್ತು. ಮೂರು ಮಿಲಿಮೀಟರ್ ಎಂದರೆ ತಮಗೆ ಕಾಗದದ ಮೇಲಿನ ಒಂದು ಗೆರೆ. ನಮಗೆ ಎಪ್ಪತ್ತು ಕುದುರೆಗಳ ಬಲ. ಊಟದ ಹೊತ್ತಿನಲ್ಲಿ ಅದನ್ನು ಓದಿದ ಫೆರೆಯೋಲ್ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟು, “ಮೂಗು ಮುಚ್ಕೊಂಡು ಓಡು ಅಂತಿದ್ದಾರೆ ಅಮ್ಮಾವ್ರೇ, ಕಾಲು ಕಟ್ಟಿದ್ರೂ ವಾಸಿಯಿತ್ತು” ಎಂದರು. ಆಮೇಲೆ ಎರಡು ದಿನ ಕೆಲಸಕ್ಕೇ ಬರಲಿಲ್ಲ. ಅಷ್ಟು ವರ್ಷದಲ್ಲಿ ಅದೇ ಮೊದಲು.

ಮೂರನೆಯ ದಿನ ಬಂದವರೇ ಎಂಜಿನ್ ಬಿಚ್ಚಿದರು. ವೇಗವಾಗಿ ಉಸಿರಾಡಲು ಆಗದಿದ್ದರೆ ನಿಧಾನವಾಗಿ ಉಸಿರಾಡಲಿ ಎಂದು, ಗಾಳಿಯ ಕವಾಟಗಳನ್ನು ಎತ್ತಿ ಇಳಿಸುವ ದಂಡಗಳನ್ನು ಹೊಸದಾಗಿ ಕಡೆದು ಕೂರಿಸಿದರು. ಕೂಗು ಹೋಯಿತು, ಹೊಲಿಗೆ ಯಂತ್ರದಂಥ ಗೊಣಗಾಟ ಉಳಿಯಿತು. ತಮ್ಮ ಪರೀಕ್ಷಕರು ಬಂದು ಗಾಳಿಯ ಬಾಯಿಯನ್ನು ಮೂರು ಸಲ ಅಳೆದರು, ಮೂರು ಸಲವೂ ಕ್ಷಮೆ ಕೇಳಿದರು. ಅಷ್ಟು ಸಂಸ್ಕಾರವಂತರನ್ನು ತಾವು ಎಲ್ಲಿಂದ ಹುಡುಕಿ ತರುತ್ತೀರೋ ಕಾಣೆ.

ಓಟದಲ್ಲಿ ನೇರ ರಸ್ತೆ ಸಿಕ್ಕಲ್ಲೆಲ್ಲ ಎಲ್ಲರೂ ನಮ್ಮನ್ನು ದಾಟಿದರು. ಆದರೆ ಅರೆಹೊಟ್ಟೆಯ ಉಸಿರಿಗೆ ಒಗ್ಗಿದ ಎಂಜಿನ್ ಪೆಟ್ರೋಲನ್ನೂ ಅರೆಹೊಟ್ಟೆಯೇ ಕುಡಿಯಿತು. ಒಂದು ಟ್ಯಾಂಕಿಗೆ ಎರಡು ಸುತ್ತು ಹೆಚ್ಚು ಬಂತು, ಪೆಟ್ರೋಲಿಗೆ ನಿಲ್ಲುವುದು ಕಡಿಮೆಯಾಯಿತು, ಎಲ್ಲೂ ಬಿಸಿಯೇರಲಿಲ್ಲ, ಏನೂ ಮುರಿಯಲಿಲ್ಲ. ಭಾನುವಾರ ಮಧ್ಯಾಹ್ನ ಓಟ ಮುಗಿದಾಗ ನಾವು ಐದನೆಯವರು. ಯಾವ ಡೀಸೆಲ್‌ಗಳಿಗಾಗಿ ಸಮತೋಲನ ಏರ್ಪಟ್ಟಿತ್ತೋ ಅವುಗಳಲ್ಲಿ ಮೂರು ಬಿಚ್ಚಿದ ಸ್ಥಿತಿಯಲ್ಲಿ ಗ್ಯಾರೇಜಿನಲ್ಲಿದ್ದವು. ನಮ್ಮವರೆಲ್ಲ ಕುಣಿಯುತ್ತಿರುವಾಗ ಫೆರೆಯೋಲ್ ಗೋಡೆಗೊರಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಚೆನ್ನಾಗೇ ಓಡ್ತು. ಆದ್ರೆ ಅದು ನಾನು ಕಟ್ಟಿದ ದನಿ ಅಲ್ಲ” ಎಂದಷ್ಟೇ ಹೇಳಿದರು.

ಜುಲೈ ತಿಂಗಳಲ್ಲಿ ತಾವು ಮತ್ತೆ ಕೃಪೆಮಾಡಿದಿರಿ. ನಮ್ಮ ಬಗೆಯ ಎಂಜಿನ್ ಅನ್ಯಾಯವೆನಿಸುವಷ್ಟು ಕಡಿಮೆ ಕುಡಿಯುವುದರಿಂದ ಅದರ ಟ್ಯಾಂಕನ್ನು ಆರು ಲೀಟರ್ ಕುಗ್ಗಿಸಬೇಕೆಂದಿರಿ. ಉಸಿರು ಕಟ್ಟಿ ಮಿತಾಹಾರ ಕಲಿಸಿದವರೂ ತಾವೇ, ಮಿತಾಹಾರಕ್ಕೆ ದಂಡ ಹಾಕಿದವರೂ ತಾವೇ. ಇಂಥ ಗುರುಗಳು ಎಷ್ಟು ಜನಕ್ಕೆ ಸಿಕ್ಕಾರು?

ಆದ್ದರಿಂದ ವಿನಂತಿ: ನಾವು ಲೋಹ ಕರಗಿಸುವ ಮೊದಲೇ ನಿಯಮಗಳನ್ನು ಗಟ್ಟಿಮಾಡಬೇಕು. ಅದಾಗದಿದ್ದರೆ ಮೇಣದ ಎಂಜಿನ್‌ಗಳಿಗೆ ಪರವಾನಗಿ ಕೊಡಬೇಕು, ಪ್ರತಿ ಸುತ್ತೋಲೆಗೂ ಹಿಚುಕಿ ಬೇರೆ ಆಕಾರ ಮಾಡಿಕೊಳ್ಳುತ್ತೇವೆ. ಅದೂ ಕಷ್ಟವೆನಿಸಿದರೆ ಕಾರುಗಳನ್ನು ಮನೆಯಲ್ಲೇ ಬಿಟ್ಟು, ತಮ್ಮ ಸುತ್ತೋಲೆಗಳನ್ನೇ ಇಪ್ಪತ್ತನಾಲ್ಕು ಗಂಟೆ ಓಡಿಸಿ ಬಹುಮಾನದ ಕಪ್ ಕೊಡಬಹುದು. ಫೆರೆಯೋಲ್ ನಿವೃತ್ತಿಯನ್ನು ಒಂದು ವರ್ಷ ಮುಂದೂಡಿದ್ದಾರೆ. ಸಮುದ್ರದ ದಡದಲ್ಲಿ ಮನೆ ಗೊತ್ತುಮಾಡಿ ಸಾಮಾನು ಕಟ್ಟಿಟ್ಟಿರುವ ಅವರ ಹೆಂಡತಿಗೆ ಕಾರಣವನ್ನು ತಾವೇ ತಿಳಿಸಿದರೆ ದೊಡ್ಡ ಉಪಕಾರ. ನನಗೆ ಧೈರ್ಯವಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಬೆರ್ತಿಲ್ ಕೆನ್ವಾ

ಮರೆತ ಮಾತು: ಹೊಸ ನಿಯಮಪುಸ್ತಕದ ನಲವತ್ತೊಂದನೇ ಪುಟದಲ್ಲಿ ಅಲ್ಪವಿರಾಮವೊಂದು ಜಾಗ ತಪ್ಪಿ ಕೂತಿದ್ದು, ಅದರಂತೆ ಹನ್ನೆರಡು ಸಿಲಿಂಡರಿನ ಎಂಜಿನ್‌ಗೆ ಗಾಳಿಯ ಮಿತಿಯೇ ಇಲ್ಲ. ಫೆರೆಯೋಲ್ ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದ್ದಾರೆ. ಮುಂದಿನ ವರ್ಷದ ಓಟಕ್ಕೆ ಹಾಕಿದ ನಮ್ಮ ಅರ್ಜಿಗೆ ನಿನ್ನೆಯೇ ತಮ್ಮ ಮೊಹರು ಬಿದ್ದಿದೆ. ತಿದ್ದುವ ಆಸೆಯಿದ್ದರೆ ದಯವಿಟ್ಟು ಜೂನ್ ಕಳೆಯಲಿ.